ಸಂಗಮಕ್ಕೆ ಹೋದ ರೊಟ್ಟಿ

ನವನಗರದಲ್ಲಿ ಇಂದ್ರಾಬಾಯಿಯ ರೊಟ್ಟಿ ತಿನ್ನದ ಮನೆಯೇ ಇಲ್ಲ ಎನ್ನುತ್ತಾರೆ. ಸುಳ್ಳು. ನಮ್ಮ ಮನೆ ಇದೆ. ಕೊಂಡು ತಂದ ರೊಟ್ಟಿ ಎಂದರೆ ನಮ್ಮ ಅತ್ತೆಗೆ ಈಗಲೂ ಅವಮಾನ. ಆದರೆ ಮದುವೆ, ಮಠದ ದಾಸೋಹ ಎಂದರೆ ಜನ ಮೊದಲು ಫೋನ್ ಮಾಡುವುದು ಆಕೆಗೇ. ಹಳೇ ಬಾಗಲಕೋಟೆಯ ಮನೆ ಅಣೆಕಟ್ಟಿನ ಹಿನ್ನೀರಿಗೆ ಹೋಗಿ, ಇಲ್ಲಿಗೆ ಬಂದ ಮೇಲೆ ಗಂಡನಿಗೆ ಕೆಲಸ ಹತ್ತದೆ, ಒಂದು ಒಲೆ, ಒಂದು ಹಂಚು ಇಟ್ಟುಕೊಂಡು ಶುರು ಮಾಡಿದವಳು. ಈಗ ಆಕೆಯ ಶೆಡ್ಡಿನಲ್ಲಿ ಇಪ್ಪತ್ತು ಹೆಂಗಸರು ಸಾಲಾಗಿ ಕುಳಿತು ರೊಟ್ಟಿ ಬಡಿಯುತ್ತಾರೆ. ಪಕ್ಕದ ಮನೆಯವಳಾದ ನನಗೆ ಬೆಳಗಿನ ಅಲಾರಂ ಬೇಕಿಲ್ಲ.

ಆಕೆಗಿಂತ ಮೊದಲು ನಮ್ಮಲ್ಲಿ ಮದುವೆಯ ರೊಟ್ಟಿಯನ್ನು ಯಾರೂ ಕೊಳ್ಳುತ್ತಿರಲಿಲ್ಲ. ಮದುವೆ ವಾರ ಇದೆ ಎನ್ನುವಾಗ ಓಣಿಯ ಹೆಂಗಸರೆಲ್ಲ ಆ ಮನೆಯ ಅಂಗಳದಲ್ಲಿ ಕೂಡಿ ರೊಟ್ಟಿ ಬಡಿದು, ಗರಿಗರಿ ಕಟಕಾಗಿ ಒಣಗಿಸಿ ಇಡುತ್ತಿದ್ದರು. ಕೈಗೆ ಎಷ್ಟು ಕೆಲಸವೋ ಬಾಯಿಗೂ ಅಷ್ಟೇ. ವರ ಕುಡಿಯುತ್ತಾನೋ ಇಲ್ಲವೋ, ಹುಡುಗಿಗೆ ಎಷ್ಟು ವರ್ಷ ತುಂಬಿದವು, ಎಲ್ಲ ಅಲ್ಲೇ ಇತ್ಯರ್ಥ. ಆಗ ಸಣ್ಣ ಹುಡುಗಿಯರ ಮದುವೆ ಆಗುತ್ತಿರಲಿಲ್ಲ ಎಂದು ನಾನು ಹೇಳುವುದಿಲ್ಲ, ನನ್ನದೇ ಆಗಿದೆ. ಆದರೆ ಕದ್ದು ಆಗುತ್ತಿರಲಿಲ್ಲ. ರೊಟ್ಟಿ ಬಡಿಯುವ ಸದ್ದು ಇಡೀ ಓಣಿಗೆ ಕೇಳುತ್ತಿತ್ತು. ಆ ದುಡಿತ ತಪ್ಪಿಸಿದಳೆಂದು ಇಂದ್ರಾಬಾಯಿಯನ್ನು ನಾವೆಲ್ಲ ಹರಸಿದೆವು.

ಹೋದ ವರ್ಷ ಜನವರಿಯಲ್ಲಿ ಹೆಣ್ಣುಮಕ್ಕಳ ದಿನ ಎಂದು ಹೈಸ್ಕೂಲಿನವರು ಆಕೆಯನ್ನು ಭಾಷಣಕ್ಕೆ ಕರೆದರು. ಶಾಲು, ಹಾರ, ಕೈ ಕೆಸರಾದರೆ ಬಾಯಿ ಮೊಸರು, ಎಲ್ಲ ಆಯಿತು. ಕೊನೆಗೆ ಮೈಕು ಹಿಡಿದ ಇಂದ್ರಾಬಾಯಿ ತಾನು ತಂದ ರೊಟ್ಟಿ ಪ್ಯಾಕೆಟ್ಟು ಎತ್ತಿ ತೋರಿಸಿದಳು.

"ಇದರ ಮ್ಯಾಲ ನನ್ನ ಹೆಸರೈತಿ, ನನ್ನ ಫೋನ್ ನಂಬರ್ ಐತಿ. ಯಾರರ ನಿಮ್ಮ ಸಾಲಿ ಬಿಡಿಸಾಕ ಬಂದ್ರ, ಲಗ್ನ ಮಾಡ್ತೀವಿ ಅಂದ್ರ, ನನಗೊಂದು ಫೋನ್ ಮಾಡ್ರಿ. ನಾ ಬರ್ತೇನಿ."

ಹುಡುಗಿಯರು ಚಪ್ಪಾಳೆ ಹೊಡೆದರು. ಅವರಲ್ಲಿ ಒಬ್ಬಳು ಹತ್ತನೆಯ ತರಗತಿಯ ಐಶ್ವರ್ಯ, ನಮ್ಮ ಹಿಂದಿನ ಓಣಿಯ ಶ್ರೀಶೈಲನ ಮಗಳು. ಮರುದಿನದಿಂದ ಸಂಜೆಯಾದರೆ ಶೆಡ್ಡಿನಲ್ಲಿ ಹಾಜರು. ಒಂದು ಚೀಲ ಜೋಳಕ್ಕೆ ರೊಟ್ಟಿ ಎಷ್ಟು, ಬಾದಾಮಿ ಸ್ಟೇಷನ್ನಿನಲ್ಲಿ ಪ್ರವಾಸಿಗರಿಗೆ ಸಣ್ಣ ಪ್ಯಾಕೆಟ್ಟು ಮಾಡಿ ಮಾರಬಾರದೇಕೆ ಎಂದು ತಲೆ ತಿನ್ನುತ್ತಿದ್ದಳು. "ನನ್ನ ಕುರ್ಚಿಗೆ ಇಕೀನ" ಎಂದು ಇಂದ್ರಾಬಾಯಿ ನನ್ನೆದುರು ಬೀಗಿದ್ದುಂಟು.

ಒಂದು ಸಂಜೆ ಆ ಹುಡುಗಿ ಮನೆಯಲ್ಲಿ ವರನ ಮಾತು ನಡೆದಿದೆ ಎಂದು ಅತ್ತಳು. ಇಂದ್ರಾಬಾಯಿ ಕೈಗೆ ಹತ್ತಿದ ಹಿಟ್ಟನ್ನೂ ತೊಳೆಯದೆ ಶ್ರೀಶೈಲನ ಮನೆಗೆ ನಡೆದಳು. ಅವನು ಕೈ ಮುಗಿದ.

"ನೀವ ಹೇಳಿದ ಮ್ಯಾಲ ಮುಗೀತ್ರಿ ಅಕ್ಕಾರ. ಸಾಲಿ ಬಿಡಸೂದಿಲ್ಲ."

ಈಕೆ ನಂಬಿದಳು. ಜಾಣೆಯೇ, ಆದರೆ ಕೈ ಮುಗಿದವರನ್ನು ನಂಬುವ ರೋಗ ಆಕೆಗೆ ಮೊದಲಿನಿಂದ ಇತ್ತು.

ಫೆಬ್ರುವರಿಯಲ್ಲಿ ಕೂಡಲಸಂಗಮದಿಂದ ಒಬ್ಬ ಅಡುಗೆಯವನು ಫೋನ್ ಮಾಡಿ ಮದುವೆಯೊಂದಕ್ಕೆ ಸಾವಿರ ರೊಟ್ಟಿ ಹೇಳಿದ. ಯಾರ ಮದುವೆ ಎಂದು ಅವನು ಹೇಳಲಿಲ್ಲ, ಈಕೆ ಕೇಳಲಿಲ್ಲ. ಸೀಸನ್ನಿನಲ್ಲಿ ಯಾರು ಕೇಳುತ್ತಾರೆ? ಮದುವೆಯ ಹಿಂದಿನ ದಿನ ಟಂಟಂ ಗಾಡಿ ಓಡಿಸುವ ಯಮನೂರ ರೊಟ್ಟಿ ಇಳಿಸಿ ಬಂದ.

ಮರುದಿನ ಬೆಳಿಗ್ಗೆ, ಹುಡುಗಿ ಯಾಕೋ ಶೆಡ್ಡಿನ ಕಡೆ ಸುಳಿದಿಲ್ಲವಲ್ಲ ಎಂದು ಇಂದ್ರಾಬಾಯಿ ನನ್ನನ್ನೂ ಕರೆದುಕೊಂಡು ಅವರ ಮನೆಗೆ ಹೋದಳು. ಬೀಗ. ಎದುರು ಮನೆಯ ಕಾಸಿಂಬಿ ಹೊರಗೆ ಬಂದಳು.

"ಸಂಗಮಕ್ಕ ಹೋಗ್ಯಾರವಾ. ಯಾರದೋ ಮದುವಿ ಅಂದ್ರು."

ಇಂದ್ರಾಬಾಯಿಯ ಮುಖ ನೋಡಿ ನನಗೆ ಹೆದರಿಕೆಯಾಯಿತು. ಯಮನೂರನ ಟಂಟಂ ಹತ್ತಿದೆವು. ದಾರಿಯಲ್ಲೇ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದಳು, ಈಗಲೇ ಹೊರಡುತ್ತೇವೆ ಎಂದರು ಅವರು.

ನಾವು ಮುಟ್ಟಿದಾಗ ತಾಳಿ ಕಟ್ಟಿ, ಅಕ್ಕಿಕಾಳು ಬಿದ್ದು ಊಟದ ಪಂಕ್ತಿ ಕೂತಿತ್ತು. ಎಲೆ ಎಲೆಯ ಮೇಲೂ ಇಂದ್ರಾಬಾಯಿಯ ರೊಟ್ಟಿ, ಅಂಚಿಗೆ ಎಳ್ಳು ಹಚ್ಚಿದ್ದು. ಶ್ರೀಶೈಲ ಈಗಲೂ ಕೈ ಮುಗಿದ. ಆ ಕೈ ಮುರಿಯಬೇಕೆಂದು ನನಗೆ ಅನಿಸಿತು, ಸುಳ್ಳೇಕೆ ಹೇಳಲಿ. ಇಂದ್ರಾಬಾಯಿ ಅವನನ್ನು ದಾಟಿ ಒಳಕೋಣೆಗೆ ಹೋದಳು.

ಐಶ್ವರ್ಯ ಗೋಡೆಗೆ ಒರಗಿ ಕುಳಿತಿದ್ದಳು. ಹಣೆಗೆ ಬಾಸಿಂಗ, ಮೈತುಂಬ ಅರಿಷಿಣ, ಕೊರಳಲ್ಲಿ ತಾಳಿ. ಹಿಂದೆ ರೊಟ್ಟಿಯ ಖಾಲಿ ಪ್ಯಾಕೆಟ್ಟುಗಳ ರಾಶಿ.

"ಫೋನ್ ಮಾಡಬೇಕಿತ್ತಲ್ಲವ್ವಾ" ಎಂದಳು ಇಂದ್ರಾಬಾಯಿ. ಆಕೆಯ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

"ನಿನ್ನಿ ನಮ್ಮ ಸ್ವಾದರತ್ತಿ ಫೋನ್ ಇಸಗೊಂಡಿದ್ದೆ" ಎಂದಳು ಹುಡುಗಿ. "ನಂಬರ್ ನೋಡೂಣು ಅಂತ ಪ್ಯಾಕೆಟ್ ತಗೊಂಡೆ. ಮದುವಿ ರೊಟ್ಟಿನ ನೀವ ಕಳಿಸೀರಿ. ಯಾರಿಗೆ ಫೋನ್ ಮಾಡ್ಲಿ?"

ಅಧಿಕಾರಿಗಳು ಬಂದರು. ಶ್ರೀಶೈಲನ ಮೇಲೆ ಕೇಸಾಯಿತು. ಐಶ್ವರ್ಯ ಪರೀಕ್ಷೆಗೆ ಕೂರಲಿಲ್ಲ, ಶೆಡ್ಡಿಗೂ ಬರಲಿಲ್ಲ. ಈ ವರ್ಷ ಇನ್ನೊಂದು ಶಾಲೆಯವರು ಭಾಷಣಕ್ಕೆ ಕರೆಯಲು ಬಂದಾಗ ಇಂದ್ರಾಬಾಯಿ ಚಹಾ ಕೊಟ್ಟು ಕಳಿಸಿದಳು, ಹೋಗಲಿಲ್ಲ.

ಮದುವೆಯ ಆರ್ಡರಿನ ಫೋನನ್ನು ಈಗ ಆಕೆ ಬೇರೆಯವರ ಕೈಗೆ ಕೊಡುವುದಿಲ್ಲ. ಎಷ್ಟು ರೊಟ್ಟಿ ಎಂದು ಕೇಳುವ ಮೊದಲು "ಹುಡುಗಿ ಹೆಸರೇನ್ರಿ? ಎಷ್ಟು ವರ್ಷ ಆಕಿಗೆ?" ಎಂದು ಕೇಳುತ್ತಾಳೆ. ಕೆಲವರು ಹೇಳುತ್ತಾರೆ. ಕೆಲವರು ಮಾತಾಡದೆ ಫೋನ್ ಇಡುತ್ತಾರೆ. ಅಂಥ ದಿನ ಆಕೆ ನಮ್ಮ ಮನೆಗೆ ಬಂದು ಕೂರುತ್ತಾಳೆ. ಆ ಹುಡುಗಿ ಯಾವ ಊರಿನವಳೋ ಎಂದು ಇಬ್ಬರೂ ಯೋಚಿಸುತ್ತೇವೆ. ಊರಲ್ಲಿ ಬೇರೆ ರೊಟ್ಟಿ ಅಂಗಡಿಗಳು ಬೇಕಾದಷ್ಟಿವೆ.