ಅಂಗಳದ ಮಟ್ಟಕ್ಕೆ ಮಾಡಿದ ಕಪಾಟುಗಳು

ಮೂವತ್ತೊಂದು ವರ್ಷ ನಾನು ಹುಡುಗರಿಗೆ ಮರದ ಕೆಲಸ ಕಲಿಸಿದವನು. ಸುಳ್ಯದ ಸುತ್ತಮುತ್ತ ಈಗ ಬಾಗಿಲು, ಕಿಟಕಿ, ಮಂಚ ಮಾಡುತ್ತಿರುವವರಲ್ಲಿ ಅರ್ಧಕ್ಕರ್ಧ ಜನ ನನ್ನಿಂದ ಬೈಸಿಕೊಂಡವರು. ರಸಮಟ್ಟ ಇಡದೆ ಒಂದು ಹಲಗೆ ಕೂರಿಸಿದರೂ ನಾನು ಸಹಿಸುತ್ತಿರಲಿಲ್ಲ. ಗಾಜಿನ ಕೊಳವೆಯೊಳಗಿನ ಗುಳ್ಳೆ ಎರಡು ಗೆರೆಗಳ ನಡುವೆ ನಿಂತರೆ ಕೆಲಸ ಸರಿ, ನಿಲ್ಲದಿದ್ದರೆ ಮಾಡಿದವನು ಕತ್ತೆ. ಇಷ್ಟು ಸರಳವಾದ ಪ್ರಪಂಚದಲ್ಲಿ ಬದುಕಿ ನಿವೃತ್ತನಾದವನ ಅಂಗಳಕ್ಕೆ ಒಂದು ಹಳೆಯ ಕ್ಯಾರವಾನ್ ಬಂತು. ಕತ್ತೆ ಯಾರು ಎಂದು ಗೊತ್ತಾಗುವುದಕ್ಕೆ ಎಂಟು ತಿಂಗಳು ಬೇಕಾಯಿತು.

ಕ್ಯಾರವಾನ್ ಬೇಕಾಗಿದ್ದದ್ದು ನನಗಲ್ಲ, ನನ್ನ ಹೆಂಡತಿಗೆ. ಅವಳಿಗೆ ಬೆನ್ನಿನ ಡಿಸ್ಕ್ ಜಾರಿ ಆಪರೇಷನ್ ಆಗಿತ್ತು. ಮಲಗಬಹುದು, ನಿಧಾನಕ್ಕೆ ನಡೆಯಬಹುದು, ಆದರೆ ಅರ್ಧ ಗಂಟೆಗಿಂತ ಹೆಚ್ಚು ಕೂರುವ ಹಾಗಿಲ್ಲ ಎಂದು ಡಾಕ್ಟರು ಹೇಳಿದ್ದರು. ಅದೇ ಹೊತ್ತಿಗೆ ಹಾಸನಕ್ಕೆ ಕೊಟ್ಟ ಮಗಳು ಬಸುರಿಯಾದಳು. ಮೊದಲ ಹೆರಿಗೆ ತಾಯಿಮನೆಯಲ್ಲಿ ಆಗಬೇಕು, ಮಗುವಿಗೆ ಎಣ್ಣೆ ಹಚ್ಚಿ ಮೀಯಿಸುವುದು ಅಜ್ಜಿಯ ಕೆಲಸ. ಬಗ್ಗಲಿಕ್ಕೇ ಆಗದ ಅಜ್ಜಿ ಎಂತ ಮೀಯಿಸುತ್ತಾಳೆ? ಹೆರಿಗೆ ಹಾಸನದಲ್ಲೇ ಆಯಿತು, ಬಾಣಂತನವನ್ನು ಮಗಳ ಅತ್ತೆ ಮಾಡಿದರು. ಚೆನ್ನಾಗಿಯೇ ಮಾಡಿದರಂತೆ. ಆ ಮಾತನ್ನು ನನ್ನ ಹೆಂಡತಿ ಎಲ್ಲರಿಗೂ ಹೇಳುತ್ತಿದ್ದಳು, ಹೇಳಿ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು.

ಅವಳಿಗೆ ಉಳಿದ ಆಸೆ ಒಂದೇ. ಮಗು ತೊಟ್ಟಿಲಲ್ಲಿ ಇರುವಾಗಲೇ ಹೋಗಿ ನೋಡಬೇಕು, ಒಂದೆರಡು ರಾತ್ರಿಯಾದರೂ ಪಕ್ಕದಲ್ಲಿ ಮಲಗಿಸಿಕೊಳ್ಳಬೇಕು. ಆಂಬುಲೆನ್ಸ್ ಮಾಡಿಸಿಕೊಂಡು ಹೋಗುವ ಎಂದೆ.

“ಮೊಮ್ಮಗುವನ್ನು ನೋಡ್ಲಿಕ್ಕೆ ಆಂಬುಲೆನ್ಸಿನಲ್ಲಿ ಹೋಗುದಾ? ಸೈರನ್ ಹಾಕಿಸ್ತೀರಾ, ಬೇಡ್ವಾ?” ಎಂದಳು.

ಅದನ್ನು ಅವಳು ಕನ್ನಡದಲ್ಲಿ ಹೇಳಿದಳು. ಮನೆಯಲ್ಲಿ ನಾವು ಆಡುವುದು ಅರೆಭಾಷೆ. ಸಿಟ್ಟು ಒಂದು ಮಟ್ಟ ದಾಟಿದ ಮೇಲೆ ಮಾತ್ರ ಅವಳು ಕನ್ನಡಕ್ಕೆ ಬರುತ್ತಾಳೆ, ಕಚೇರಿಗೆ ಅರ್ಜಿ ಕೊಡುವವರ ಹಾಗೆ. ಆಂಬುಲೆನ್ಸಿನ ವಿಷಯ ಅಲ್ಲಿಗೇ ಮುಗಿಯಿತು.

ಆಗಲೇ ಪುತ್ತೂರಿನ ಒಬ್ಬ ನಿವೃತ್ತ ಎಂಜಿನಿಯರರ ಸುದ್ದಿ ಸಿಕ್ಕಿದ್ದು. ನಲವತ್ತು ವರ್ಷದ ಹಿಂದೆ ಅವರು ಒಂದು ಮಿನಿಬಸ್ಸು ತೆಗೆದುಕೊಂಡು, ಸೀಟು ಕಿತ್ತು, ಒಳಗೆ ಮಂಚ, ಸ್ಟವ್ ಇಡುವ ಕಟ್ಟೆ, ಎರಡೂ ಬದಿಗೆ ಸಾಲು ಕಪಾಟು ಎಲ್ಲ ತಾವೇ ಮಾಡಿ ಹೆಂಡತಿ ಮಕ್ಕಳೊಂದಿಗೆ ಊರೂರು ಸುತ್ತಿದ್ದರು. ಈಗ ಅದು ಟಾರ್ಪಾಲಿನ ಅಡಿಯಲ್ಲಿ ಇತ್ತು. ಕೊಡುವಾಗ ಅವರು ಹೇಳಿದ್ದು ಎರಡೇ ಮಾತು.

“ಎಂಜಿನ್ ನೋಡಿಸ್ಕೊಳ್ಳಿ. ಕಪಾಟಿನ ಅಡಿಯ ಎರಡು ಹಲಗೆ ನೀರು ಕುಡಿದದ್ದುಂಟು, ಅದನ್ನು ಬದಲಾಯಿಸಿ ಸಾಕು. ಉಳಿದದ್ದು ಮುಟ್ಲಿಕ್ಕೆ ಹೋಗ್ಬೇಡಿ.”

ಮರದ ಕೆಲಸದ ಮೇಷ್ಟ್ರಿಗೆ ಮರ ಮುಟ್ಟಬೇಡ ಎನ್ನುವುದಕ್ಕೆ ಅವರಿಗೆ ಎಷ್ಟು ಧೈರ್ಯ ಎಂದುಕೊಂಡೆ.

ಎಂಜಿನ್ ನೋಡಿದವರು ಸುಳ್ಯದ ಒಬ್ಬರು ಬ್ಯಾರಿ ಮೆಕ್ಯಾನಿಕ್, ನನ್ನ ಹಳೆಯ ಶಿಷ್ಯ. ಮರದ ಕೆಲಸದಲ್ಲಿ ಫೇಲಾಗಿ ಕಬ್ಬಿಣಕ್ಕೆ ಹೋದವರು, ಹೋದದ್ದು ಒಳ್ಳೆಯದೇ ಆಯಿತು. ವಿಷು ಕಳೆದು ನಾಲ್ಕನೆಯ ದಿನ ಗಾಡಿ ಅಜ್ಜಾವರದ ನಮ್ಮ ಅಂಗಳಕ್ಕೆ ಬಂತು. ಹನ್ನೊಂದನೆಯ ದಿನ ಅವರು ಕೈ ಒರೆಸಿಕೊಂಡು, “ಆಯ್ತು ಮಾಷ್ಟ್ರೆ, ನಾಳೆ ಬೇಕಾದ್ರೂ ಹೊರಡ್ಬಹುದು” ಎಂದರು. ನಾನೇ ಓಡಿಸುವಷ್ಟು ಕಣ್ಣು ನನಗೆ ಈಗ ಕಾಣದ್ದರಿಂದ ಡ್ರೈವರಾಗಿ ಬರಲಿಕ್ಕೂ ಅವರೇ ಒಪ್ಪಿದ್ದರು. ಹೆಂಡತಿ ಆ ಸಂಜೆಯೇ ಮಗಳಿಗೆ ಫೋನ್ ಮಾಡಿ, ಮೇ ಕೊನೆಯ ಪತ್ತನಾಜೆಗೆ ಮೊದಲು ಬರುತ್ತೇವೆ ಎಂದಳು. ಅಂದರೆ ಒಂದು ತಿಂಗಳ ಒಳಗೆ.

ಆ ಎರಡು ಹಲಗೆ ಬದಲಾಯಿಸಲಿಕ್ಕೆಂದು ನಾನು ಒಳಗೆ ಹೋದೆ. ಕಪಾಟಿನ ಪ್ರತಿ ಬಾಗಿಲಿಗೂ ಒಂದೊಂದು ಹಿತ್ತಾಳೆಯ ಚಿಲಕ ಇತ್ತು. ಲೋಟ, ತಟ್ಟೆ ಇಡುವ ಕಪಾಟಿಗೆ ಇಷ್ಟು ಬಂದೋಬಸ್ತು ಯಾಕೆ ಎಂದು ಒಂದು ಚಿಲಕ ಸರಿಸಿದೆ. ಬಾಗಿಲು ತಾನಾಗಿ ತೆರೆದುಕೊಂಡು ನನ್ನ ಹಣೆಗೆ ಬಡಿಯಿತು. ಇನ್ನೊಂದು ಸರಿಸಿದೆ, ಅದೂ ಹಾಗೆಯೇ. ಮನೆಯ ಕಡೆಯ ಸಾಲು ಪೂರ್ತಿ ಹೀಗೆ. ಜೇಬಿನಿಂದ ರಸಮಟ್ಟ ತೆಗೆದು ಇಟ್ಟು ನೋಡಿದರೆ ಗುಳ್ಳೆ ಹೋಗಿ ಮೂಲೆಯಲ್ಲಿ ಕೂತಿತು. ಹತ್ತು ಕಡೆ ಇಟ್ಟೆ, ಹತ್ತು ಕಡೆಯೂ ಮೂಲೆ. ನೆಲಕ್ಕೆ ಇಟ್ಟೆ, ನೆಲವೂ ಓರೆ! ನಲವತ್ತು ವರ್ಷಕ್ಕೆ ನೆಲ ಒಂದು ಬದಿಗೆ ಕುಸಿದಿದೆ ಎಂದು ತೀರ್ಮಾನಿಸಿದೆ.

ನನ್ನ ಸಂತೋಷವನ್ನು ಏನೆಂದು ಹೇಳಲಿ. ಇಂಥ ದೊಡ್ಡ ಎಂಜಿನಿಯರರು, ಇಷ್ಟೂ ಕಪಾಟುಗಳು, ಎಲ್ಲವೂ ಓರೆ! ಹೊರಗೆ ಬಂದು ಹೆಂಡತಿಗೆ ಹೇಳಿದೆ, ಮೆಕ್ಯಾನಿಕರಿಗೂ ಫೋನ್ ಮಾಡಿ ಹೇಳಿದೆ. ಅವರು ಕೇಳಿದ್ದು ಇಷ್ಟೇ.

“ಗಾಡಿಗೆ ಎಂತ ಮಟ್ಟ ಮಾಷ್ಟ್ರೆ, ಅದು ಓಡುದಲ್ವಾ?”

ಮರದಲ್ಲಿ ಫೇಲಾದವರ ಮಾತು ಎಂದು ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮರುದಿನ ಎಲ್ಲ ಕಪಾಟುಗಳನ್ನೂ ಕಿತ್ತು ಹಾಕಿದೆ. ಚಿಲಕಗಳನ್ನು ಒಂದು ಡಬ್ಬಿಗೆ ತುಂಬಿಸಿ ಗುಜರಿಯವನಿಗೆಂದು ಗೇಟಿನ ಹತ್ತಿರ ಇಟ್ಟೆ.

ಮನೆ ಕಟ್ಟುವಾಗ ಉಳಿದ ಹೆಬ್ಬಲಸಿನ ಹಲಗೆ ಅಟ್ಟದಲ್ಲಿ ಇತ್ತು. ಅಂಥ ಮರವನ್ನು ಗಡಿಬಿಡಿಯಲ್ಲಿ ಹಾಳು ಮಾಡುವ ಜಾತಿಯವನು ನಾನಲ್ಲ. ಪತ್ತನಾಜೆ ಬಂತು, ಹೋಯಿತು. ಓರೆಯಾದ ನೆಲದ ಮೇಲೆ ನೇರವಾದ ಕಪಾಟು ನಿಲ್ಲಿಸುವುದು ಸುಲಭದ ಕೆಲಸವಲ್ಲ. ಒಂದೊಂದರ ಕಾಲಿಗೂ ಒಂದು ಬದಿಯಲ್ಲಿ ಎರಡು ಬೆರಳು ದಪ್ಪದ ಬೆಣೆ ಕೊಡಬೇಕು, ಮೇಲಿನ ಸಾಲನ್ನು ಅದಕ್ಕೆ ಸರಿಯಾಗಿ ಇಳಿಸಬೇಕು. ನಾನು ಓರೆಯಾದ ಗಾಡಿಯೊಳಗೆ ಇನ್ನೊಂದು ನೇರವಾದ ಗಾಡಿಯನ್ನು ಕಟ್ಟುತ್ತಿದ್ದೆ ಎನ್ನಬಹುದು. ಮಂಚವನ್ನು ಕೂಡ ಕಿತ್ತು ಹೊಸದಾಗಿ ಮಾಡಿದೆ.

ಮಂಚ ಮಾಡುವಾಗ ನನಗೊಂದು ಉಪಾಯ ಹೊಳೆಯಿತು. ಮಂಚದ ಅಡಿಯಿಂದ ಅಗಲವಾದ ಒಂದು ಡ್ರಾಯರು ಹೊರಗೆ ಬರುವ ಹಾಗೆ ಮಾಡುವುದು, ಅದೇ ತೊಟ್ಟಿಲು. ಮಗುವನ್ನು ಅದರಲ್ಲಿ ಮಲಗಿಸಿದರೆ ಅಜ್ಜಿ ಬಗ್ಗಬೇಕಾಗಿಲ್ಲ, ಮಲಗಿದಲ್ಲಿಂದಲೇ ಕೈ ಇಳಿಬಿಟ್ಟು ತಟ್ಟಬಹುದು. ಇದನ್ನು ಹೇಳಿದಾಗ ಹೆಂಡತಿ ತನ್ನ ಹಳೆಯ ಮೆತ್ತಗಿನ ಸೀರೆಯೊಂದನ್ನು ತೆಗೆದು ಅದರ ಅಳತೆಗೆ ಹಾಸು ಹೊಲಿಯಲು ಕೂತಳು. ಅರ್ಧ ಗಂಟೆ ಕೂತು ಹೊಲಿಯುವುದು, ಮಲಗುವುದು, ಮತ್ತೆ ಅರ್ಧ ಗಂಟೆ. ಮಗಳಿಂದ ಟೇಪು ಹಿಡಿಸಿ ಮಗುವಿನ ಉದ್ದ ತರಿಸಿದೆ. ಇಪ್ಪತ್ತಮೂರು ಇಂಚು. ಬೆಳೆಯುವ ಮಗು ಎಂದು ನಾಲ್ಕು ಇಂಚು ಸೇರಿಸಿದೆ. ನನ್ನ ದೂರದೃಷ್ಟಿಗೆ ನಾನೇ ಮೆಚ್ಚಿದೆ.

ದಿನಾ ಸಂಜೆ ಫೋನಿನಲ್ಲಿ ಮಗುವಿನ ಮುಖ ಬರುತ್ತಿತ್ತು. ಒಂದು ದಿನ ಅದು ಕವುಚಿ ಬಿತ್ತು, ನಾನು ಆಗ ಮೇಲಿನ ಸಾಲಿನ ಚೌಕಟ್ಟಿನಲ್ಲಿದ್ದೆ. ಆಟಿ ತಿಂಗಳ ಮಳೆಯಲ್ಲಿ ಮರ ಪಾಲಿಶು ಹಿಡಿಯುವುದಿಲ್ಲ ಎಂದು ಕೆಲಸ ನಿಲ್ಲಿಸಿದೆ, ಆ ಹೊತ್ತಿಗೆ ಅದು ಕೂರಲು ಕಲಿಯಿತು. ಮಗಳು ತಾನೇ ಮಗುವನ್ನು ಕರೆದುಕೊಂಡು ಬರುತ್ತೇನೆ ಎಂದಳು. ಘಟ್ಟದ ದಾರಿಯಲ್ಲಿ ಅಷ್ಟು ಸಣ್ಣ ಮಗು ಬೇಡ ಎಂದು ಇವಳೇ ತಡೆದಳು, ಅಪ್ಪ ಗಾಡಿ ಮಾಡುತ್ತಾ ಇದ್ದಾರೆ, ನಾವೇ ಬರುತ್ತೇವೆ ಎಂದಳು. ಅಷ್ಟು ನಂಬಿಕೆಯಿಂದ ಹೇಳಿದ ಮಾತು ಅದು. ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಚೌತಿಗೆ ಹೊರಡುವ ಎಂದೆ. ಚೌತಿಗೆ ಬಾಗಿಲುಗಳಷ್ಟೇ ಬಾಕಿ ಇದ್ದವು. ದೀಪಾವಳಿಗೆ ಎಂದೆ. ದೀಪಾವಳಿಗೆ ಎರಡನೆಯ ಸಲದ ಪಾಲಿಶು ಬಾಕಿ ಇತ್ತು. ಮಂಚ ಒಂದಿದ್ದರೆ ಸಾಕು, ಕಪಾಟು ತನಗೆ ಬೇಡ ಎಂದು ಹೆಂಡತಿ ಒಂದು ದಿನ ಹೇಳಿದಳು. ಅದನ್ನು ಅರೆಭಾಷೆಯಲ್ಲಿ ಹೇಳಿದ್ದರಿಂದ ನಾನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ.

ಕೊನೆಗೆ ಸುಬ್ರಹ್ಮಣ್ಯದ ಷಷ್ಠಿಗೆ ಬಂದ ಜನ ಕರಗಿದ ಮೇಲೆ, ಡಿಸೆಂಬರಿನ ಒಂದು ಬೆಳಿಗ್ಗೆ ಕೆಲಸ ಮುಗಿಯಿತು. ಎಲ್ಲ ಕಡೆ ರಸಮಟ್ಟ ಇಟ್ಟೆ. ಗುಳ್ಳೆ ಎಲ್ಲ ಕಡೆಯೂ ನಟ್ಟ ನಡುವೆ. ಅರ್ಧ ತೆರೆದು ಬಿಟ್ಟ ಬಾಗಿಲು ಅರ್ಧದಲ್ಲೇ ನಿಂತಿತು. ತೊಟ್ಟಿಲ ಡ್ರಾಯರನ್ನು ಒಂದು ಬೆರಳಿನಿಂದ ಎಳೆಯಬಹುದಿತ್ತು, ಅಷ್ಟು ಹಗುರ. ಚಿಲಕದಂಥ ಅಸಹ್ಯ ಎಲ್ಲೂ ಇಲ್ಲ. ಹಳೆಯ ಶಿಷ್ಯರನ್ನೆಲ್ಲ ಕರೆದು ತೋರಿಸಬೇಕು ಎನಿಸಿತು. ನಾಲ್ಕು ಜನರನ್ನು ಕರೆದೂ ಬಿಟ್ಟೆ, ಅದಕ್ಕೊಂದು ದಿನ ಹೋಯಿತು.

ಮರುದಿನ ಹೊರಟೆವು. ಹೆಂಡತಿ ಮಂಚದಲ್ಲಿ, ನಾನು ಮುಂದೆ ಮೆಕ್ಯಾನಿಕರ ಪಕ್ಕ. ಗೇಟು ದಾಟಿ ಟಾರು ರಸ್ತೆಗೆ ಹತ್ತಿದ್ದೇ ಹಿಂದಿನಿಂದ ಲೋಟ ಬಿದ್ದ ಸದ್ದು. ಮೊದಲ ತಿರುವಿನಲ್ಲಿ ತಟ್ಟೆಗಳು. ಸುಬ್ರಹ್ಮಣ್ಯ ಮುಟ್ಟುವ ಹೊತ್ತಿಗೆ ಅಕ್ಕಿ, ಬೆಲ್ಲ, ಮಗಳಿಗೆ ಇಷ್ಟವೆಂದು ಕಟ್ಟಿದ ಹಪ್ಪಳ ಎಲ್ಲವೂ ನೆಲದಲ್ಲಿದ್ದವು. ಅಲ್ಲಿ ಬಸ್ಸುಗಳು ನಿಲ್ಲುವ ದೊಡ್ಡ ಕಾಂಕ್ರೀಟು ಮೈದಾನದಲ್ಲಿ ಗಾಡಿ ನಿಲ್ಲಿಸಿ ಒಳಗೆ ಹೋದೆ. ಅಂಗಳದಲ್ಲಿ ನಿಂತಿದ್ದಾಗ ತೋಟದ ಕಡೆಗಿದ್ದ ಸಾಲಿನ ಬಾಗಿಲುಗಳೆಲ್ಲ ಬಾಯಿ ಬಿಟ್ಟುಕೊಂಡಿದ್ದವು. ಮುಚ್ಚಿದೆ, ತೆರೆದವು. ತೊಟ್ಟಿಲ ಡ್ರಾಯರು ತಾನಾಗಿ ಜಾರಿ ಹೊರಬಂದು ನನ್ನ ಮೊಣಕಾಲಿಗೆ ತಾಗಿತು.

ರಸಮಟ್ಟ ತೆಗೆದೆ. ಕಪಾಟಿಗೆ ಇಟ್ಟೆ, ಗುಳ್ಳೆ ಮೂಲೆಗೆ ಹೋಯಿತು. ನೆಲಕ್ಕೆ ಇಟ್ಟೆ. ನೆಲ ಸರಿ ಇತ್ತು. ಗುಳ್ಳೆ ಎರಡು ಗೆರೆಯ ನಡುವೆ ಒಂದಿಷ್ಟೂ ಅಲ್ಲಾಡದೆ ನಿಂತಿತು.

ಓರೆಯಾಗಿದ್ದದ್ದು ನಮ್ಮ ಅಂಗಳ. ನೀರು ಹರಿದು ಹೋಗಲೆಂದು ನನ್ನ ಅಪ್ಪನೇ ಮನೆಯಿಂದ ತೋಟದ ಕಡೆಗೆ ಇಳಿಜಾರು ಕೊಟ್ಟು ಮಾಡಿಸಿದ ಅಂಗಳ. ಹುಟ್ಟಿದಂದಿನಿಂದ ಅದರಲ್ಲೇ ನಡೆದ ನನಗೆ ಅದು ಮಟ್ಟವೇ. ನಮ್ಮ ತಾಲೂಕಿನಲ್ಲಿ ಒಂದು ಬಸ್ಸಿನ ಉದ್ದಕ್ಕೆ ಮಟ್ಟವಾದ ಜಾಗ ಸಿಗುವುದೇ ಕಷ್ಟ ಎಂದು ಮದುವೆ ಚಪ್ಪರ ಹಾಕುವವರಿಗೂ ಗೊತ್ತು. ಗಾಡಿಯನ್ನು ಮೊದಲು ಮಟ್ಟ ಮಾಡಿ ನಿಲ್ಲಿಸಿಕೊಳ್ಳಬೇಕು ಎಂದು ಮೊದಲ ವರ್ಷದ ಹುಡುಗನಿಗೂ ಹೊಳೆಯುತ್ತಿತ್ತು. ಎಂಜಿನಿಯರರ ಕಪಾಟುಗಳು ಸರಿಯಾಗಿಯೇ ಇದ್ದವು. ಸರಿಯಾದದ್ದನ್ನು ಕಿತ್ತು, ಎಂಟು ತಿಂಗಳು ಕೂತು, ಪ್ರಪಂಚದಲ್ಲಿ ನಮ್ಮ ಅಂಗಳವೊಂದರಲ್ಲಿ ಮಾತ್ರ ನೇರ ಕಾಣುವ ಕಪಾಟುಗಳನ್ನು ನಾನು ಮಾಡಿದ್ದೆ.

ಮೆಕ್ಯಾನಿಕರ ಮುಖ ನೋಡಲಿಕ್ಕೆ ಆಗಲಿಲ್ಲ. “ಗಾಡಿ ತಿರುಗಿಸುವ. ಒಂದು ತಿಂಗಳು ಕೊಡಿ, ಎಲ್ಲ ಸರಿ ಮಾಡ್ತೇನೆ” ಎಂದೆ.

ಮಂಚದಿಂದ ಮಾತು ಬಂತು, ಕನ್ನಡದಲ್ಲಿ.

“ತಿರುಗಿಸಿದ್ರೆ ನಾನು ಇಲ್ಲೇ ಇಳಿತೇನೆ. ಅರ್ಧ ಗಂಟೆ ಬಸ್ಸು, ಅರ್ಧ ಗಂಟೆ ಮಲಗುದು, ಹಾಗೇ ಹೋಗ್ತೇನೆ. ನೀವು ಹೋಗಿ ಕಪಾಟು ಮಾಡಿ.”

ಮೆಕ್ಯಾನಿಕರು ಸೀಟಿನ ಅಡಿಯಿಂದ ಒಂದು ಡಬ್ಬಿ ತೆಗೆದರು. ಒಳಗೆ ಹಿತ್ತಾಳೆಯ ಚಿಲಕಗಳು, ಎಣ್ಣೆ ಹಚ್ಚಿ ಇಟ್ಟದ್ದು.

“ಗೇಟಿನ ಹತ್ರ ಇತ್ತು ಮಾಷ್ಟ್ರೆ. ಬಿಸಾಡುವ ಸಾಮಾನಲ್ಲ ಅಂತ ತೆಗ್ದಿಟ್ಟೆ. ಅವತ್ತೇ ಹೇಳ್ಬೇಕಿತ್ತು, ನಿಮ್ಗೆ ಹೇಳುದು ಹೇಗೆ?”

ಫೇಲಾದ ಶಿಷ್ಯ ಮುಕ್ಕಾಲು ಗಂಟೆಯಲ್ಲಿ ಅಷ್ಟೂ ಬಾಗಿಲಿಗೆ ಚಿಲಕ ಕೂರಿಸಿದರು. ನಾನು ಸ್ಕ್ರೂ ಹಿಡಿದುಕೊಂಡು ನಿಂತೆ. ಹೆಬ್ಬಲಸಿನ ಪಾಲಿಶಿನ ಮೇಲೆ ಅವರು ಡ್ರಿಲ್ ಹೊಡೆಯುವಾಗ ನನಗೆ ಸಂಕಟವಾದದ್ದು ನಿಜ, ಆದರೆ ಬಾಯಿ ಬಿಡಲಿಲ್ಲ. ತೊಟ್ಟಿಲ ಡ್ರಾಯರಿಗೆ ಮಾತ್ರ ಚಿಲಕ ಇರಲಿಲ್ಲ, ಯಾಕೆಂದರೆ ಅದು ನನ್ನ ಸ್ವಂತ ಸೇರ್ಪಡೆ. ಅದನ್ನು ಹಗ್ಗದಿಂದ ಮಂಚದ ಕಾಲಿಗೆ ಕಟ್ಟಿದೆವು. ಗುಂಡ್ಯ ದಾಟಿ, ಘಟ್ಟ ಹತ್ತಿ, ಮಧ್ಯಾಹ್ನ ಕಳೆಯುವಾಗ ಹಾಸನ ಮುಟ್ಟಿದೆವು. ದಾರಿಯುದ್ದಕ್ಕೂ ಒಂದು ಲೋಟವೂ ಬೀಳಲಿಲ್ಲ.

ಮಗಳ ಮನೆಯ ಬೀದಿ ಹಲಗೆಯ ಹಾಗೆ ಮಟ್ಟ. ಮಗಳು ಬಾಗಿಲಿಗೆ ಓಡಿ ಬಂದಳು. ಹಿಂದಿನಿಂದ ಗೋಡೆ ಹಿಡಿದುಕೊಂಡು ಮಗು ನಡೆದು ಬಂತು. ಹೌದು, ನಡೆದುಕೊಂಡೇ! ಅದನ್ನು ಎತ್ತಿ ಗಾಡಿಯೊಳಗೆ ಬಿಟ್ಟರು. ಅಜ್ಜಿಯನ್ನು ಫೋನಿನಲ್ಲಿ ನೋಡಿ ಗೊತ್ತಿತ್ತಲ್ಲ, ಹೆದರಲಿಲ್ಲ. ಇವಳು ಮಲಗಿದಲ್ಲಿಂದ ಕೈ ಚಾಚಿ ಅದರ ತಲೆ, ಬೆನ್ನು, ಕಾಲು ಎಲ್ಲ ಸವರಿದಳು, ತುಂಬ ಹೊತ್ತು ಸವರಿದಳು.

ಇದೇ ಸಮಯ ಎಂದು ನಾನು ಹಗ್ಗ ಬಿಚ್ಚಿದೆ. ಡ್ರಾಯರು ತಾನಾಗಿ ಜಾರಿ ಹೊರಬಂತು. ಒಳಗೆ ಸೀರೆಯ ಹಾಸು ಹಾಸಿತ್ತು. ಮಗು ಅದನ್ನು ಒಳಗೆ ದೂಡಿತು, ಅದು ಮತ್ತೆ ಬಂತು, ಮಗು ನಕ್ಕಿತು. ಇದು ಏಳೆಂಟು ಸಲ ಆಯಿತು. ಮಲಗಿಸಿ ನೋಡುವ ಎಂದು ಮಗಳು ಅದನ್ನು ಎತ್ತಿ ಒಳಗೆ ಇಟ್ಟಳು. ತಲೆ ಒಂದು ಬದಿಗೆ ತಾಗಿತು, ಕಾಲು ಇನ್ನೊಂದು ಬದಿಯಿಂದ ಹೊರಗೆ ಬಂತು. ಮಗು ಎದ್ದು, ಮೊಣಕಾಲು ಮಡಚಿ, ಅದರೊಳಗೆ ಕೂತುಕೊಂಡಿತು.

ನಾನು ಜೇಬಿನಿಂದ ಟೇಪು ತೆಗೆದೆ. ಯಾಕೆ ತೆಗೆದೆನೋ, ಕೈಗೆ ಅಭ್ಯಾಸ. ಡ್ರಾಯರಿನ ಉದ್ದ ಹಿಡಿದೆ. ಇಪ್ಪತ್ತೇಳು ಇಂಚು, ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇಲ್ಲ.

ಹೆಂಡತಿ ಕೈ ಇಳಿಬಿಟ್ಟು ಆ ಹಾಸಿನ ಅಂಚನ್ನು ಹಿಡಿದುಕೊಂಡಿದ್ದಳು.

“ನಿಮ್ಮ ಅಳತೆ ಸರಿಯೇ ಉಂಟು. ಮಗು ಕಾಯ್ಲಿಲ್ಲ, ಅಷ್ಟೆ” ಎಂದಳು.

ಕನ್ನಡದಲ್ಲಿ ಹೇಳಿದಳು.