ಮುಂದಿನ ಸಾಲಿನ ಶಾಲು

ಬೆಟಗೇರಿಯಲ್ಲಿ ನಮ್ಮದು ತಲೆಮಾರುಗಳಿಂದ ಮರ್ಯಾದೆಯ ನೇಕಾರ ಮನೆತನ. ನಮ್ಮನ್ನು ಕಳ್ಳರೆಂದವರಿಲ್ಲ. ಆ ಮಾತು ಕೇಳಲು ನಾನು ಇಂಗ್ಲೆಂಡಿನ ಫುಟ್‌ಬಾಲ್ ಮೈದಾನಕ್ಕೆ ಹೋಗಬೇಕಾಯಿತು.

ಪಂದ್ಯ ನೋಡುವ ಆಸೆ ಯಜಮಾನರದು. ಮುಂದಿನ ಸಾಲಿನವನು ಗುರುತಿಲ್ಲದಿದ್ದರೂ ನನ್ನತ್ತ ನಕ್ಕ. ಯಾಕೆ ನಕ್ಕನೋ ಎಂದು ಚೀಲ ಅವುಚಿಕೊಂಡು ಕುಳಿತೆ. ಆಟಗಾರರು ಬಂದದ್ದೇ ತಡ, ಎಲ್ಲರೂ ಕೊರಳಿಗೆ ಸುತ್ತಿದ್ದ ತಮ್ಮ ತಂಡದ ಕೆಂಪು ಶಾಲು ತಲೆಯ ಮೇಲೆ ಎತ್ತಿ ಹಿಡಿದು ಹಾಡತೊಡಗಿದರು. ಅವನ ಶಾಲಿನ ತುದಿ ನನ್ನ ಮುಖಕ್ಕೇ ತಾಗಿತು. ನಮ್ಮ ಮನೆಯ ರೂಢಿಯಂತೆ ಎರಡು ಬೆರಳಲ್ಲಿ ತಿಕ್ಕಿ, ನೂಲು ಎಂಥದ್ದೆಂದು ನೋಡಿದೆ.

"ಏ, ಕೈ ತಗಿ. ಇದೇನು ಸೀರಿ ಅಂಗಡಿ ಅಲ್ಲ!" ಎಂದರು ಯಜಮಾನರು.

ಅಷ್ಟರಲ್ಲಿ ಅವನು ಶಾಲು ಕಸಿದುಕೊಂಡು, "ಇದು ನಮ್ಮಪ್ಪನದು, ಕದಿಯಬೇಡಿ" ಎಂದ.

ಕಾನ್ವೆಂಟಿನ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟೆ: "ಇದು ಕೈಮಗ್ಗದ್ದಲ್ಲ. ಕೊಟ್ಟರೂ ನಾನು ಒಯ್ಯುವುದಿಲ್ಲ."

ಗಲಾಟೆ ಕಂಡು ಮೈದಾನದ ಕಾವಲಿನ ಹೆಂಗಸು ಬಂದು ನನ್ನ ಚೀಲ ಬಿಚ್ಚಿಸಿದಳು. ಶೇಂಗಾ ಹೋಳಿಗೆಯನ್ನೂ ಮೂಸಿದಳು.

"ಸಾರಿ ಅಂದುಬಿಡು, ಆಟ ನೋಡೂಣು" ಎಂದರು ಯಜಮಾನರು.

ನಾನು ಅನ್ನಲಿಲ್ಲ. ಆ ಮನುಷ್ಯ ನನ್ನ ಕ್ಷಮೆ ಕೇಳಬೇಕು. ಯಜಮಾನರೂ ಕೇಳಬೇಕು.