ಪಕ್ಕದವನ ಹೆಗಲು

ಅಮ್ಮನ ಕಪಾಟಿನ ತಳದಲ್ಲಿ ನಿನ್ನೆ ಆ ಸ್ಟೀಲ್ ತಟ್ಟೆ ಸಿಕ್ಕಿತು. ನಟ್ಟನಡುವೆ ಒಳಮುಖವಾಗಿ ಒಂದು ಉಬ್ಬು. ಅದರಲ್ಲಿ ಯಾರೂ ಉಣ್ಣುವುದಿಲ್ಲ. ಅಮ್ಮ ಎಸೆಯುವುದೂ ಇಲ್ಲ. ಆ ಉಬ್ಬು ಎದ್ದದ್ದು ಒಂದು ತಲೆಗೆ ಬಡಿದು.

ಆಗ ನಾವಿದ್ದ ತಮಿಳು ಊರಿನ ಗಿಂಡಿ ಬಡಾವಣೆಯಲ್ಲಿ ನಮ್ಮ ಎದುರುಮನೆಯ ಟೀಚರ್ ಭೂಗೋಳ ಕಲಿಸುತ್ತಿದ್ದರು. ಗಂಡ ಹೊಡೆಯುತ್ತಿದ್ದ. ಮೂರು ಮಹಡಿಗೂ ಕೇಳಿಸುತ್ತಿತ್ತು. ಮೂರು ಮಹಡಿಯವರೂ ಟಿವಿಯ ಸದ್ದು ಹೆಚ್ಚಿಸುತ್ತಿದ್ದರು. ನಾನಾಗ ಪ್ಲಸ್ ಒನ್, ಅಂದರೆ ಹನ್ನೊಂದನೇ ತರಗತಿ. ಒಂದೇ ವಿಷಯಕ್ಕೆ ಪರವಾಗಿಯೂ ವಿರೋಧವಾಗಿಯೂ ವಾದಿಸಿ ಕಪ್ ಗೆದ್ದವಳು. ಎದುರಾಳಿಯನ್ನು ಕೇಳದೆ ತೀರ್ಮಾನಿಸುವವರು ಮೂರ್ಖರು ಎಂದು ನಂಬಿದ್ದೆ.

ಒಂದು ಸಂಜೆ ಅವರು ಒಡೆದ ತುಟಿಯೊಂದಿಗೆ ನಮ್ಮ ಅಡುಗೆಮನೆಗೆ ಬಂದರು. ಬೆಳಗಾದರೆ ಕಾಸಿಮೇಡಿನ ಗೆಳತಿಯ ಕೋಣೆಗೆ ಹೊರಟುಬಿಡುತ್ತೇನೆ, ಅಲ್ಲಿಯವರೆಗೆ ನನ್ನನ್ನು ಇಲ್ಲಿ ಇಟ್ಟುಕೊಳ್ಳಿ ಎಂದರು. ಅಮ್ಮ ಚಿಲಕ ಹಾಕಿದಳು. ಟೀಚರ್ ಸುಮ್ಮನಿರಲಾರದೆ ಚಪಾತಿ ಹಿಟ್ಟು ಎಳೆದುಕೊಂಡು ಈ ತಟ್ಟೆಯಲ್ಲಿ ಎರಡು ಬೆಟ್ಟ ಮಾಡಿದರು. ಒಂದು ದೊಡ್ಡದು, ಒಂದು ಚಿಕ್ಕದು, ನಡುವೆ ತಗ್ಗಾದ ಏಣು.

"ನೀರು ಹಾಕು. ಮೆಲ್ಲಗೆ... ಏಣು ಮುಳುಗ್ತಾ? ನಿಲ್ಲಿಸು." ಚಿಕ್ಕ ಬೆಟ್ಟ ದ್ವೀಪವಾಗಿತ್ತು. "ಈ ನೀರಿಂದ ತುದಿಗೆ ಎಷ್ಟೋ, ಅಷ್ಟೇ ಇದರ ಸ್ವಂತ ಎತ್ತರ. ಮಿಕ್ಕಿದ್ದೆಲ್ಲ ಪಕ್ಕದವನ ಹೆಗಲು. ನೀಲಗಿರಿಯ ಎಷ್ಟೋ ಕೋಡುಗಳಿಗಿಂತ ಬಯಲಲ್ಲಿ ಒಂಟಿಯಾಗಿ ನಿಂತ ನಮ್ಮೂರ ಚೋಟುದ್ದ ಗುಡ್ಡ ಪರಂಗಿಮಲೆನೇ ಸ್ವತಂತ್ರ."

"ನಡುವಿನ ಏಣು ಇಷ್ಟು ಇಳಿದರೆ ಬೇರೆ ಬೆಟ್ಟ, ಇಲ್ಲಾಂದ್ರೆ ಅಲ್ಲ ಅಂತ ಗೆರೆ ಎಳೆಯೋರು ಯಾರು ಟೀಚರ್?"

"ಬಾಯಿ ನೋಡು ಇವಳದ್ದು! ಗೆರೆ ಯಾರೋ ಎಳೀತಾರೆ ಕಣೇ. ಇಳಿದವಳ ಮಂಡಿಗೆ ಗೊತ್ತಿರತ್ತೆ." ನಕ್ಕರು, ತುಟಿ ಮತ್ತೆ ಒಸರಿತು.

ಬೆಲ್ ಆಯಿತು. ಟೀಚರ ಗಂಡನೇ. ತಮಿಳು ಬೆರೆತ ಮೆತ್ತಗಿನ ದನಿ, ನನ್ನನ್ನೇ ಕರೆದದ್ದು. "ಎನ್ನಮ್ಮಾ ಪಾಪಾ, ಕದ ತೆಗಿ. ಕೊಂಜ, ಸ್ವಲ್ಪ ಮಾತಾಡಬೇಕು, ಅಷ್ಟೇ."

ಅಮ್ಮ ನನ್ನ ತೋಳು ಹಿಡಿದಳು. "ಎರಡೂ ಕಡೆ ಕೇಳ್ಬೇಕಲ್ಲಮ್ಮ" ಎಂದೆ. ಚಿಲಕ ತೆಗೆದೆ.

ಅವನ ಕಡೆಯ ಮಾತು ಒಂದೂ ಇರಲಿಲ್ಲ. ಜಡೆ ಹಿಡಿದು ಟೀಚರ ಮುಖವನ್ನು ಒಲೆಕಟ್ಟೆಗೆ ಚಚ್ಚಿದ. ತಟ್ಟೆ ಎತ್ತಿಕೊಂಡ, ಹಿಟ್ಟು, ನೀರು ಗೋಡೆಗೆ ರಾಚಿತು. ಅದರ ತಳದಿಂದ ಕಿವಿಯ ಮೇಲೆ ಬಡಿದ... ಎಷ್ಟು ಸಲವೋ. ನೆನಪಿರುವುದು ಸದ್ದು ಮಾತ್ರ. ಮೊದಲು ಗಂಟೆಯಂತೆ, ಆಮೇಲೆ ಹಸಿಹಸಿ. ಅಮ್ಮ ಲಟ್ಟಣಿಗೆಯಿಂದ ಅವನ ಮಣಿಕಟ್ಟಿಗೆ ಬಾರಿಸಿದಳು, ಮೂಳೆ ಲಟಕ್ಕೆಂದಿತು. ಆಗಲೇ ಅವನು ನಿಂತದ್ದು. ನಾನಿನ್ನೂ ಬಾಗಿಲು ಹಿಡಿದುಕೊಂಡೇ ಇದ್ದೆ.

ಟೀಚರ ಎಡಗಿವಿ ಹೋಯಿತು. ಆಸ್ಪತ್ರೆಯಿಂದ ನೇರ ಕಾಸಿಮೇಡಿಗೆ ಹೋದರು. ಮೀನು ಹರಾಜಿನ ಗದ್ದಲದ ಮಗ್ಗುಲಲ್ಲಿ ಒಂದು ಕೋಣೆ, ಒಂದಿಷ್ಟು ಟ್ಯೂಷನ್... ಗಂಡನ ಮನೆಗೆ ಮತ್ತೆ ಕಾಲಿಡಲಿಲ್ಲ. ಅಮ್ಮ ಹೋಗಿಬರುತ್ತಿದ್ದಳು. "ನಿನ್ನ ಕೇಳ್ತಿದ್ರು ಕಣೇ" ಎನ್ನುತ್ತಿದ್ದಳು. ನಾನು ಹೋಗಲಿಲ್ಲ. ಹೋಗಿ ಯಾವ ಪಕ್ಷ ವಾದಿಸಲಿ? ಟೀಚರ್ ಕಳೆದ ತಿಂಗಳು ತೀರಿಕೊಂಡರು.

ನಿನ್ನೆ ತಟ್ಟೆಗೆ ನೀರು ಹಾಕಿದೆ. ಮೆಲ್ಲಗೆ. ಉಬ್ಬು ಒಂಟಿಯಾಗಿ ನಿಂತಿತು. ಅಂಚು ಅದಕ್ಕಿಂತ ಎತ್ತರ, ಒಪ್ಪುತ್ತೇನೆ. ಆದರೆ ಉಬ್ಬಿನಿಂದ ಅಂಚಿಗೆ ಹೋಗಬೇಕೆಂದರೆ ತಟ್ಟೆಯ ತಳದವರೆಗೂ ಇಳಿಯಬೇಕು. ಉಬ್ಬಿನ ಎತ್ತರವೆಲ್ಲ ಅದರ ಸ್ವಂತದ್ದು.

ಈ ಮಾತನ್ನು ಅವರ ಬಲಗಿವಿಗೆ ಹೇಳಬಹುದಿತ್ತು.